ಕಿಲ್ಟಿಗಿಂತ ಮೊದಲು ತಿಳಿಯಬೇಕಾದ ಸ್ಕಾಟ್ಲೆಂಡ್

ಪ್ರಶ್ನೆ: ನಾನು ಧಾರವಾಡದಲ್ಲಿ, ಓದಲು ವಿದೇಶಕ್ಕೆ ಹೋಗುವ ಹುಡುಗ ಹುಡುಗಿಯರಿಗೆ ಇಂಗ್ಲಿಷ್ ಪಾಠ ಹೇಳುತ್ತೇನೆ. ಈ ವರ್ಷ ನನ್ನ ತರಗತಿಯ ಕೆಲವರು ಗ್ಲಾಸ್ಗೋ ಮತ್ತು ಎಡಿನ್‌ಬರೋಗೆ ಹೊರಟಿದ್ದಾರೆ. ನಮ್ಮ ಪಠ್ಯಪುಸ್ತಕಗಳಲ್ಲಿ ಸ್ಕಾಟ್ಲೆಂಡ್ ಎಂದರೆ ಕಿಲ್ಟು (ಗಂಡಸರು ಸೊಂಟಕ್ಕೆ ಉಡುವ ಚೌಕಳಿ ಲಂಗ), ಬ್ಯಾಗ್‌ಪೈಪು ಮತ್ತು ವಿಸ್ಕಿ, ಅಷ್ಟೇ. ಅದು ಇಂಗ್ಲೆಂಡಿನ ಭಾಗವೋ, ಬೇರೆ ದೇಶವೋ? ಅಲ್ಲಿಯ ಸಂಪ್ರದಾಯಗಳು ನಿಜಕ್ಕೂ ಪುರಾತನವೇ? ಅಲ್ಲಿಯವರ ಇಂಗ್ಲಿಷ್ ಅರ್ಥವೇ ಆಗುವುದಿಲ್ಲ ಎಂದು ಹಿಂದೆ ಹೋದವರು ಹೇಳುತ್ತಾರೆ. ವಿದ್ಯಾರ್ಥಿಗಳನ್ನು ಹೇಗೆ ಸಿದ್ಧಗೊಳಿಸಲಿ?

ಉತ್ತರ: ಮೊದಲ ಪ್ರಶ್ನೆಗೆ ನೇರ ಉತ್ತರ ಕೊಡುತ್ತೇನೆ. ಸ್ಕಾಟ್ಲೆಂಡ್ ಇಂಗ್ಲೆಂಡಿನ ಭಾಗವಲ್ಲ. ಇಂಗ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡ್‌ಗಳೊಡನೆ ಯುನೈಟೆಡ್ ಕಿಂಗ್‌ಡಮ್ಮಿನಲ್ಲಿ ಸೇರಿರುವ ಒಂದು ದೇಶ ಅದು. ನಮ್ಮಲ್ಲಿ ಆ ಇಡೀ ದ್ವೀಪವನ್ನೇ ಇಂಗ್ಲೆಂಡ್ ಎಂದು ಕರೆಯುವ ರೂಢಿ ಬಹಳ ಹಳೆಯದು. ಗ್ಲಾಸ್ಗೋದಲ್ಲಿ ನಿಂತು ‘ನಾನು ಇಂಗ್ಲೆಂಡಿಗೆ ಓದಲು ಬಂದಿದ್ದೇನೆ’ ಎಂದು ಹೇಳಿದರೆ ಎದುರಿಗಿರುವವರ ಮನಸ್ಸಿಗೆ ನೋವಾಗುತ್ತದೆ. ಈ ಒಂದು ಮಾತನ್ನು ವಿದ್ಯಾರ್ಥಿಗಳು ಊರು ಬಿಡುವ ಮೊದಲೇ ತಿದ್ದಿಕೊಳ್ಳಬೇಕು.

ಉಳಿದ ಪ್ರಶ್ನೆಗಳಿಗೆ ಉತ್ತರ ಕಿಲ್ಟಿನಿಂದ ಆರಂಭವಾಗುವುದಿಲ್ಲ. ಸ್ಕಾಟ್ಲೆಂಡ್ 1707ರಲ್ಲಿ ತನ್ನ ಸಂಸತ್ತನ್ನು ಕಳೆದುಕೊಂಡಿತು. ಆದರೆ ತನ್ನ ನ್ಯಾಯಾಲಯ, ತನ್ನ ಚರ್ಚು ಮತ್ತು ತನ್ನ ಶಾಲೆ, ಈ ಮೂರನ್ನು ಬಿಟ್ಟುಕೊಡಲಿಲ್ಲ. ಅಲ್ಲಿಯ ಹಬ್ಬ, ಮದುವೆ, ಪದವಿ, ಮಾತಿನ ರೀತಿಗಳಲ್ಲಿ ನಮಗೆ ವಿಚಿತ್ರವಾಗಿ ಕಾಣುವ ಬಹಳಷ್ಟು ಸಂಗತಿಗಳಿಗೆ ಕಾರಣ ಈ ಮೂರು ಸಂಸ್ಥೆಗಳಲ್ಲೇ ಸಿಗುತ್ತದೆ. ತರಗತಿಯಲ್ಲಿ ಇದನ್ನೇ ಮೊದಲು ಹೇಳಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

1603ರಲ್ಲಿ ಇಂಗ್ಲೆಂಡಿನ ರಾಣಿ ಒಂದನೇ ಎಲಿಜಬೆತ್ ಮಕ್ಕಳಿಲ್ಲದೆ ತೀರಿಕೊಂಡಾಗ ಸ್ಕಾಟ್ಲೆಂಡಿನ ದೊರೆ ಆರನೇ ಜೇಮ್ಸ್ ಇಂಗ್ಲೆಂಡಿಗೂ ದೊರೆಯಾದನು. ಸಿಂಹಾಸನ ಒಂದಾಯಿತೇ ಹೊರತು ರಾಜ್ಯಗಳು ಎರಡಾಗಿಯೇ ಉಳಿದವು. ಶತಮಾನದ ಕೊನೆಯಲ್ಲಿ ಸ್ಕಾಟರು ಪನಾಮಾ ಭೂಸಂಧಿಯ ಡೇರಿಯನ್ ಎಂಬಲ್ಲಿ ತಮ್ಮದೇ ವಸಾಹತನ್ನು ಕಟ್ಟಲು ದೇಶದ ಬಂಡವಾಳದ ದೊಡ್ಡ ಪಾಲನ್ನು ತೊಡಗಿಸಿದರು. ರೋಗ, ಹಸಿವು ಮತ್ತು ಸ್ಪೇನಿನವರ ವಿರೋಧದಿಂದ 1700ರ ವೇಳೆಗೆ ಆ ಸಾಹಸ ಸಂಪೂರ್ಣ ನೆಲಕಚ್ಚಿತು. 1707ರ ಮೇ 1ರಂದು ಜಾರಿಗೆ ಬಂದ ಒಕ್ಕೂಟದ ಒಪ್ಪಂದದಲ್ಲಿ ಸ್ಕಾಟ್ಲೆಂಡಿಗೆ 3,98,085 ಪೌಂಡು 10 ಶಿಲಿಂಗಿನ ಪರಿಹಾರ, ಇಂಗ್ಲಿಷ್ ವಸಾಹತುಗಳೊಡನೆ ಮುಕ್ತ ವ್ಯಾಪಾರದ ಹಕ್ಕು, ಲಂಡನ್ನಿನ ಕಾಮನ್ಸ್ ಸಭೆಯಲ್ಲಿ 45 ಸ್ಥಾನ ಮತ್ತು ಲಾರ್ಡ್ಸ್ ಸಭೆಯಲ್ಲಿ 16 ಸ್ಥಾನಗಳು ದೊರೆತವು. ಆ ಹಣದಲ್ಲಿ ದೊಡ್ಡ ಪಾಲು ಡೇರಿಯನ್ನಿನಲ್ಲಿ ಕೈಸುಟ್ಟುಕೊಂಡ ಹೂಡಿಕೆದಾರರಿಗೆ ಹೋಯಿತು. ಇದನ್ನು ಸ್ವದೇಶವನ್ನು ಮಾರಿದ ವ್ಯವಹಾರವೆಂದು ನಿಂದಿಸುವವರೂ ದೂರದೃಷ್ಟಿಯ ಒಪ್ಪಂದವೆಂದು ಸಮರ್ಥಿಸುವವರೂ ಅಲ್ಲಿ ಇಂದಿಗೂ ಇದ್ದಾರೆ.

ಒಪ್ಪಂದದ 19ನೆಯ ವಿಧಿ ಸ್ಕಾಟ್ಲೆಂಡಿನ ಉಚ್ಚ ನ್ಯಾಯಾಲಯಗಳು ಶಾಶ್ವತವಾಗಿ ಉಳಿಯುತ್ತವೆ ಎಂದು ಬರೆದುಕೊಟ್ಟಿತು. ಹೀಗಾಗಿ ಅಲ್ಲಿಯ ಕಾನೂನು ಇಂಗ್ಲೆಂಡಿನ ಕಾನೂನಲ್ಲ. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಇಂಗ್ಲೆಂಡಿನಲ್ಲಿ 12 ಜನರ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿ) ಕೂತರೆ ಸ್ಕಾಟ್ಲೆಂಡಿನಲ್ಲಿ 15 ಜನ ಕೂರುತ್ತಾರೆ. ‘ತಪ್ಪಿತಸ್ಥ’, ‘ತಪ್ಪಿತಸ್ಥನಲ್ಲ’ ಎಂಬ ತೀರ್ಪುಗಳ ಜೊತೆಗೆ ‘ಸಾಬೀತಾಗಿಲ್ಲ’ ಎಂಬ ಮೂರನೆಯ ತೀರ್ಪೂ ಅಲ್ಲಿತ್ತು. ಅದನ್ನು ಕೈಬಿಡುವ ಕಾಯ್ದೆಯನ್ನು ಸ್ಕಾಟ್ಲೆಂಡಿನ ಸಂಸತ್ತು 2025ರಲ್ಲಷ್ಟೇ ಅಂಗೀಕರಿಸಿತು. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಗ್ರೆಟ್ನಾ ಗ್ರೀನ್ ಎಂಬ ಗಡಿಯ ಹಳ್ಳಿಯ ಪ್ರಸಿದ್ಧಿಯೂ ಕಾನೂನಿನ ಈ ಭೇದದಿಂದಲೇ ಬಂದದ್ದು. 1754ರಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ ಇಂಗ್ಲೆಂಡಿನಲ್ಲಿ 21 ವರ್ಷ ತುಂಬದವರ ಮದುವೆಗೆ ತಂದೆತಾಯಿಯ ಒಪ್ಪಿಗೆ ಅಗತ್ಯವಾಯಿತು. ಸ್ಕಾಟ್ಲೆಂಡಿನಲ್ಲಿ ಮಾತ್ರ ಇಬ್ಬರು ಸಾಕ್ಷಿಗಳ ಎದುರು ಗಂಡು ಹೆಣ್ಣು ಪರಸ್ಪರ ಒಪ್ಪಿಕೊಂಡರೆ ಸಾಕಿತ್ತು. ಓಡಿಬಂದ ಜೋಡಿಗಳಿಗೆ ಗಡಿ ದಾಟಿದೊಡನೆ ಸಿಗುತ್ತಿದ್ದ ಹಳ್ಳಿಯ ಕಮ್ಮಾರಸಾಲೆಯೇ ಮದುವೆ ಮಂಟಪವಾಯಿತು, ಅಡಿಗಲ್ಲಿನ ಮೇಲೆ ಬಿದ್ದ ಸುತ್ತಿಗೆಯ ಪೆಟ್ಟೇ ಮಂಗಳವಾದ್ಯವಾಯಿತು.

ಚರ್ಚಿನ ವಿಷಯಕ್ಕೆ ಬಂದರೆ, 1560ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಪೋಪರ ಅಧಿಕಾರವನ್ನು ತಿರಸ್ಕರಿಸಿತು. ಧರ್ಮಸುಧಾರಕ ಜಾನ್ ನಾಕ್ಸ್ ಮತ್ತು ಅವರ ಅನುಯಾಯಿಗಳು ಕಟ್ಟಿದ ಪ್ರೆಸ್ಬಿಟೇರಿಯನ್ ಚರ್ಚಿನಲ್ಲಿ ಬಿಷಪ್ಪರಿಲ್ಲ. ಹಿರಿಯರ ಸಭೆಗಳೇ ಆಡಳಿತ ನಡೆಸುತ್ತವೆ. ಇಂಗ್ಲೆಂಡಿನ ಚರ್ಚಿಗೆ ದೊರೆಯೇ ಪರಮೋಚ್ಚ ಅಧಿಪತಿ, ಸ್ಕಾಟ್ಲೆಂಡಿನ ಚರ್ಚಿಗೆ ಅಲ್ಲ. ಬೈಬಲ್ಲಿನಲ್ಲಿ ಹೇಳದ ಹಬ್ಬಗಳು ಬೇಡವೆಂದು ಈ ಚರ್ಚು ಕ್ರಿಸ್ಮಸ್ಸನ್ನೇ ದೂರವಿಟ್ಟಿತು, 1640ರಲ್ಲಿ ಸಂಸತ್ತು ಕ್ರಿಸ್ಮಸ್ ರಜೆಯನ್ನು ರದ್ದುಪಡಿಸಿತು. ಈ ನಿಷೇಧದ ನೆರಳು ಎಷ್ಟು ಉದ್ದವಾಗಿತ್ತೆಂದರೆ ಸ್ಕಾಟ್ಲೆಂಡಿನಲ್ಲಿ ಕ್ರಿಸ್ಮಸ್ ಸಾರ್ವಜನಿಕ ರಜಾದಿನವಾದದ್ದು 1958ರಲ್ಲಿ. ಅಲ್ಲಿಯವರೆಗೆ ಡಿಸೆಂಬರ್ 25ರಂದು ಎಷ್ಟೋ ಜನ ಎಂದಿನಂತೆ ಕೆಲಸಕ್ಕೆ ಹೋಗುತ್ತಿದ್ದರು.

ಚಳಿಗಾಲದ ಸಂಭ್ರಮವೆಲ್ಲ ವರ್ಷದ ಕೊನೆಯ ರಾತ್ರಿಗೆ ಸರಿಯಿತು. ಅದನ್ನು ಹಾಗ್ಮನೇ ಎನ್ನುತ್ತಾರೆ. ಅಂದು ಸಂಜೆಯೊಳಗೆ ಮನೆ ಗುಡಿಸಿ, ಒಲೆಯ ಬೂದಿ ತೆಗೆದು, ಸಾಲ ತೀರಿಸಿ ಹೊಸ ವರ್ಷಕ್ಕೆ ಕಾಲಿಡಬೇಕು ಎಂಬುದು ಹಳೆಯ ನಂಬಿಕೆ. ಮಧ್ಯರಾತ್ರಿ ಗಂಟೆ ಹೊಡೆದ ಮೇಲೆ ಹೊಸ್ತಿಲು ದಾಟುವ ಮೊದಲ ವ್ಯಕ್ತಿ ಮನೆಗೆ ವರ್ಷದ ಅದೃಷ್ಟ ತರುತ್ತಾನೆ. ಅವನು ಎತ್ತರದ, ಕಪ್ಪು ಕೂದಲಿನ ಗಂಡಸಾಗಿದ್ದರೆ ಶ್ರೇಷ್ಠ, ಬರಿಗೈಯಲ್ಲಿ ಬರಬಾರದು. ಒಂದು ತುಂಡು ಕಲ್ಲಿದ್ದಲು, ಬೆಣ್ಣೆ ಬಿಸ್ಕತ್ತು, ಒಣಹಣ್ಣು ತುಂಬಿದ ಕಪ್ಪು ಕೇಕು, ವಿಸ್ಕಿ ಇವು ವಾಡಿಕೆಯ ಕಾಣಿಕೆಗಳು. ಕಪ್ಪು ಕೂದಲಿನ ನಿಮ್ಮ ವಿದ್ಯಾರ್ಥಿಯನ್ನು ಪಕ್ಕದ ಮನೆಯವರು ಆ ರಾತ್ರಿ ಮೊದಲು ಒಳಬರಲು ಕರೆದರೆ ಅದು ಪ್ರೀತಿಯಿಂದ ಕೊಟ್ಟ ಗೌರವ; ಸಂಕೋಚವಿಲ್ಲದೆ ಬಿಸ್ಕತ್ತಿನ ಡಬ್ಬಿ ಹಿಡಿದು ಹೋಗಲಿ. ಜನವರಿ 2 ಕೂಡ ಅಲ್ಲಿ ರಜೆ, ಇಂಗ್ಲೆಂಡಿನಲ್ಲಿ ಆ ರಜೆ ಇಲ್ಲ.

ಶಾಲೆಯೂ ಈ ಚರ್ಚಿನ ಆಗ್ರಹದಿಂದಲೇ ಬೆಳೆಯಿತು, ಏಕೆಂದರೆ ಪ್ರತಿಯೊಬ್ಬರೂ ಬೈಬಲ್ಲನ್ನು ತಾವೇ ಓದಬೇಕಿತ್ತು. 1696ರ ಕಾಯ್ದೆ ಪ್ರತಿ ಪ್ಯಾರಿಷ್ಷಿನಲ್ಲೂ (ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ವಲಯ) ಒಂದು ಶಾಲೆ ಇರಬೇಕೆಂದು ವಿಧಿಸಿತು. ಸೇಂಟ್ ಆಂಡ್ರೂಸ್, ಗ್ಲಾಸ್ಗೋ ಮತ್ತು ಅಬರ್ಡೀನ್ ವಿಶ್ವವಿದ್ಯಾಲಯಗಳು 15ನೆಯ ಶತಮಾನದಲ್ಲೂ ಎಡಿನ್‌ಬರೋದ್ದು 16ನೆಯದರಲ್ಲೂ ಹುಟ್ಟಿಕೊಂಡವು. ಇಂಗ್ಲೆಂಡಿನಲ್ಲಿ 19ನೆಯ ಶತಮಾನದವರೆಗೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಎರಡೇ ಇದ್ದವು. ತತ್ತ್ವಜ್ಞಾನಿ ಡೇವಿಡ್ ಹ್ಯೂಮ್, ಅರ್ಥಶಾಸ್ತ್ರಜ್ಞ ಆಡಮ್ ಸ್ಮಿತ್, ಭೂವಿಜ್ಞಾನಿ ಜೇಮ್ಸ್ ಹಟನ್, ಗ್ಲಾಸ್ಗೋ ವಿಶ್ವವಿದ್ಯಾಲಯದ ಉಪಕರಣಗಳನ್ನು ರಿಪೇರಿ ಮಾಡುತ್ತಿದ್ದ ಜೇಮ್ಸ್ ವಾಟ್, ಇವರೆಲ್ಲ 18ನೆಯ ಶತಮಾನದ ಆ ಪುಟ್ಟ ದೇಶದಲ್ಲಿ ಒಂದೇ ಕಾಲಕ್ಕೆ ಕೆಲಸ ಮಾಡಿದ್ದು ಆಕಸ್ಮಿಕವಲ್ಲ. ಇಂದಿಗೂ ಅಲ್ಲಿಯ ಶಾಲಾ ಪರೀಕ್ಷೆಗೆ ‘ಹೈಯರ್’ ಎಂದು ಹೆಸರು, ಆನರ್ಸ್ ಪದವಿಗೆ ನಾಲ್ಕು ವರ್ಷ ಓದಬೇಕು. ಅರ್ಜಿ ತುಂಬುವಾಗ ಇಂಗ್ಲೆಂಡಿನ ಮೂರು ವರ್ಷದ ಲೆಕ್ಕ ಹಾಕಿಕೊಂಡವರು ಖರ್ಚಿನ ಅಂದಾಜಿನಲ್ಲಿ ತಪ್ಪುತ್ತಾರೆ.

ಈಗ ಸಂಪ್ರದಾಯಗಳ ಪ್ರಾಚೀನತೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಜಾಹೀರಾತುಗಳು ಮುಚ್ಚಿಡುವ ನೋವು ಇಲ್ಲಿದೆ. ಉತ್ತರ ಮತ್ತು ಪಶ್ಚಿಮದ ಬೆಟ್ಟಸೀಮೆಯಾದ ಹೈಲೆಂಡ್ಸ್‌ನಲ್ಲಿ ಗೇಲಿಕ್ ಮಾತಾಡುವ ಕುಲಗಳಿದ್ದವು. ದಕ್ಷಿಣದ ತಗ್ಗುನಾಡಿನವರು ಅವರನ್ನು ಬಹುಕಾಲ ಭಯ ಮತ್ತು ತಾತ್ಸಾರಗಳಿಂದ ನೋಡಿದ್ದರು. ಪದಚ್ಯುತ ಸ್ಟುವರ್ಟ್ ವಂಶದ ರಾಜಕುಮಾರ ಚಾರ್ಲ್ಸ್ ಎಡ್ವರ್ಡನು 1745ರಲ್ಲಿ ಸಿಂಹಾಸನಕ್ಕಾಗಿ ದಂಡೆತ್ತಿ ಬಂದಾಗ ಅವನ ಸೈನ್ಯದ ಬೆನ್ನೆಲುಬಾದವರು ಹೈಲೆಂಡಿನವರು. 1746ರ ಏಪ್ರಿಲ್ 16ರಂದು ಇನ್‌ವರ್ನೆಸ್ ಹತ್ತಿರದ ಕಲೋಡನ್ ಬಯಲಿನಲ್ಲಿ ಆ ಸೈನ್ಯ ಒಂದು ಗಂಟೆಯೊಳಗೆ ನಾಶವಾಯಿತು. ಅನಂತರ ಸರ್ಕಾರ ಕುಲನಾಯಕರ ಅಧಿಕಾರವನ್ನು ಕಿತ್ತುಕೊಂಡಿತು, ಆಯುಧಗಳನ್ನು ಕಸಿದುಕೊಂಡಿತು, ಗಂಡಸರು ಹೈಲೆಂಡ್ ಉಡುಪು ಧರಿಸುವುದನ್ನೇ ಅಪರಾಧವೆಂದು ಸಾರಿತು. ಮೊದಲ ಬಾರಿ ಸಿಕ್ಕಿಬಿದ್ದರೆ ಆರು ತಿಂಗಳ ಸೆರೆ, ಎರಡನೆಯ ಬಾರಿ ಏಳು ವರ್ಷ ಕಡಲಾಚೆಗೆ ಗಡೀಪಾರು. ಈ ಕಾನೂನು 1782ರವರೆಗೂ ಇತ್ತು.

ನಿಷೇಧದಿಂದ ಸೈನ್ಯಕ್ಕೆ ಮಾತ್ರ ವಿನಾಯಿತಿ ಇತ್ತು. ಕಲೋಡನ್ನಿನಲ್ಲಿ ಸೋತ ಸೀಮೆಯಿಂದಲೇ ಬ್ರಿಟಿಷ್ ಸರ್ಕಾರ ರೆಜಿಮೆಂಟುಗಳನ್ನು ಎತ್ತಿ ಸಾಮ್ರಾಜ್ಯದ ಯುದ್ಧಗಳಿಗೆ ಕಳಿಸಿತು. ಕರ್ನಾಟಕದ ಓದುಗರು ಈ ಕಥೆಯನ್ನು ಇನ್ನೊಂದು ತುದಿಯಿಂದ ಬಲ್ಲರು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಪಡೆಯಲ್ಲಿ 73 ಮತ್ತು 74ನೆಯ ಹೈಲೆಂಡ್ ರೆಜಿಮೆಂಟುಗಳಿದ್ದವು, ಪಡೆಯನ್ನು ನಡೆಸಿದ ಡೇವಿಡ್ ಬೇರ್ಡ್ ಸ್ಕಾಟ್. ಅವನು 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕು ಅದೇ ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಬಂಧನದಲ್ಲಿದ್ದವನು. ಟಿಪ್ಪುವಿನ ಪತನದ ನಂತರ ಕೆನರಾ ಜಿಲ್ಲೆಗೂ ಆಮೇಲೆ ಬಳ್ಳಾರಿ ಸೇರಿದಂತೆ ದತ್ತ ಪ್ರದೇಶಗಳಿಗೂ ಆಡಳಿತಗಾರನಾಗಿ ಬಂದ ಥಾಮಸ್ ಮನ್ರೋ ಗ್ಲಾಸ್ಗೋದಲ್ಲಿ ಹುಟ್ಟಿದವನು. ಮೈಸೂರು ಸೀಮೆಯನ್ನು ಅಳೆದು ನಮ್ಮ ಶಾಸನ ಮತ್ತು ಕೈಫಿಯತ್ತುಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದ ಸ್ಟೋರ್ನೊವೇ ಊರಿನವನು. 1800ರಲ್ಲಿ ಮದ್ರಾಸಿನಿಂದ ಹೊರಟು ಮೈಸೂರು, ಕೆನರಾ, ಮಲಬಾರುಗಳ ಬೆಳೆ, ಕಸುಬು, ಜಾತಿಗಳ ವಿವರ ಬರೆದಿಟ್ಟ ವೈದ್ಯ ಫ್ರಾನ್ಸಿಸ್ ಬುಕಾನನ್ ಕೂಡ ಸ್ಕಾಟ್. ನಮ್ಮ ಚರಿತ್ರೆಯ ಪುಸ್ತಕಗಳು ಇವರೆಲ್ಲರನ್ನೂ ‘ಇಂಗ್ಲಿಷರು’ ಎಂಬ ಒಂದೇ ಹೆಸರಿನಲ್ಲಿ ಸೇರಿಸುತ್ತವೆ. ಸ್ಕಾಟ್ಲೆಂಡ್ ಸಾಮ್ರಾಜ್ಯದ ಬಲಿಪಶು ಮಾತ್ರವೇ ಆಗಿತ್ತೆಂಬ ಮಾತನ್ನು ಅಲ್ಲಿ ಯಾರಾದರೂ ಹೇಳಿದರೆ ನಿಮ್ಮ ವಿದ್ಯಾರ್ಥಿಗಳು ಈ ಹೆಸರುಗಳನ್ನು ವಿನಯದಿಂದ ನೆನಪಿಸಬಹುದು. ಗ್ಲಾಸ್ಗೋದ ಬುಕಾನನ್ ಸ್ಟ್ರೀಟ್, ಗ್ಲಾಸ್‌ಫರ್ಡ್ ಸ್ಟ್ರೀಟ್‌ಗಳು ಗುಲಾಮರ ದುಡಿಮೆಯಿಂದ ಬಂದ ತಂಬಾಕಿನಲ್ಲಿ ಶ್ರೀಮಂತರಾದ ವ್ಯಾಪಾರಿಗಳ ಹೆಸರನ್ನೇ ಹೊತ್ತಿವೆ. ಆ ನಗರದ ವಿಶ್ವವಿದ್ಯಾಲಯ ತಾನೂ ಅಂಥ ಹಣದಿಂದ ಲಾಭ ಪಡೆದಿದ್ದೆನೆಂದು 2018ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡಿತು.

1822ರ ಆಗಸ್ಟಿನಲ್ಲಿ ದೊರೆ ನಾಲ್ಕನೇ ಜಾರ್ಜ್ ಎಡಿನ್‌ಬರೋಗೆ ಬಂದನು. ಆಳುವ ದೊರೆಯೊಬ್ಬ ಸ್ಕಾಟ್ಲೆಂಡಿಗೆ ಕಾಲಿಟ್ಟು 170 ವರ್ಷಗಳೇ ಆಗಿದ್ದವು. ಸ್ವಾಗತದ ಹೊಣೆ ಹೊತ್ತ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಇಡೀ ನಗರಕ್ಕೇ ಹೈಲೆಂಡ್ ವೇಷ ತೊಡಿಸಿದರು, ದೊರೆಯೂ ಕಿಲ್ಟು ಧರಿಸಿದನು. ಎಂದೂ ಕಿಲ್ಟು ಉಡದಿದ್ದ ತಗ್ಗುನಾಡಿನ ಗಣ್ಯರು ಕುಲದ ಟಾರ್ಟನ್ ಎಂಬ ಚೌಕಳಿ ಬಟ್ಟೆ ಹುಡುಕಿಕೊಂಡು ನೇಕಾರರ ಬಳಿ ಹೋದರು. ಚೌಕಳಿ ಬಟ್ಟೆ ಬಹಳ ಪ್ರಾಚೀನವಾದದ್ದು ನಿಜ. ಆದರೆ ಇಂಥ ಕುಲಕ್ಕೆ ಇಂಥದೇ ಚೌಕಳಿ ಎಂಬ ಕಟ್ಟುಪಾಡು ಬಹುಮಟ್ಟಿಗೆ ಈ ಕಾಲದಲ್ಲಿ ಗಟ್ಟಿಯಾದದ್ದು. ಅದೇ ದಶಕಗಳಲ್ಲಿ ಸದರ್‌ಲ್ಯಾಂಡ್ ಮೊದಲಾದ ಕಡೆ ಜಮೀನುದಾರರು ಕುರಿ ಸಾಕಣೆಗಾಗಿ ಗೇಲಿಕ್ ರೈತರ ಹಳ್ಳಿಗಳನ್ನು ತೆರವು ಮಾಡಿಸುತ್ತಿದ್ದರು. 1814ರಲ್ಲಿ ಸ್ಟ್ರಾತ್‌ನೇವರ್ ಕಣಿವೆಯಲ್ಲಿ ಜನರನ್ನು ಹೊರದಬ್ಬಿ ಮನೆಗಳ ಮಾಡಿಗೆ ಬೆಂಕಿ ಇಟ್ಟರು. ಉಡುಪು ರಾಜಧಾನಿಯಲ್ಲಿ ಗೌರವ ಪಡೆಯುತ್ತಿದ್ದಾಗ ಅದನ್ನು ನಿಜವಾಗಿ ಉಟ್ಟುಕೊಂಡಿದ್ದವರ ಮಕ್ಕಳು ಕೆನಡಾದ ಹಡಗು ಹತ್ತುತ್ತಿದ್ದರು.

ಹಾಗಾದರೆ ಕಿಲ್ಟು ನಕಲಿಯೇ? ನಾನು ಹಾಗೆ ಹೇಳಲಾರೆ. ಎರಡು ಶತಮಾನಗಳಿಂದ ಜನ ಮದುವೆಗೆ, ಪದವಿ ಪ್ರದಾನಕ್ಕೆ, ಶವಸಂಸ್ಕಾರಕ್ಕೆ ಮನಃಪೂರ್ವಕವಾಗಿ ಉಡುತ್ತ ಬಂದದ್ದು ಈಗ ಅವರದೇ ಸ್ವತ್ತು. ದಿನನಿತ್ಯ ಅದನ್ನು ಉಡುವವರು ವಿರಳ. ಕುಲಕ್ಕೆ ಸೇರದವರು ಉಡಬಾರದೆಂಬ ಕಾನೂನೂ ಇಲ್ಲ. ಭಾರತೀಯ ಮೂಲದ ಸ್ಕಾಟರು ತಮಗಾಗಿಯೇ ವಿನ್ಯಾಸ ಮಾಡಿಸಿಕೊಂಡ ಟಾರ್ಟನ್‌ಗಳೂ ಇವೆ.

ಭಾಷೆಯ ವಿಷಯದಲ್ಲಿ ನಿಮ್ಮ ವಿದ್ಯಾರ್ಥಿಗಳ ದೂರು ನ್ಯಾಯವಾದದ್ದೇ, ಏಕೆಂದರೆ ಅವರು ಕೇಳುತ್ತಿರುವುದು ಒಂದೇ ಭಾಷೆಯಲ್ಲ. ಗೇಲಿಕ್ ಎಂಬುದು ಐರಿಷ್ ಭಾಷೆಯ ಹತ್ತಿರದ ಬಂಧು. 2011ರ ಜನಗಣತಿಯಲ್ಲಿ ಅದನ್ನು ಮಾತಾಡುವವರು ಸುಮಾರು 57 ಸಾವಿರ. ಸ್ಕಾಟ್ಸ್ ಎಂಬುದು ಇಂಗ್ಲಿಷಿನ ಸೋದರ ಭಾಷೆ. ಅದೇ ಗಣತಿಯಲ್ಲಿ 15 ಲಕ್ಷ ಜನ ಅದನ್ನು ಮಾತಾಡುತ್ತೇವೆಂದರು. ಎರಡಕ್ಕೂ ಅಧಿಕೃತ ಸ್ಥಾನ ನೀಡುವ ಕಾಯ್ದೆ 2025ರಲ್ಲಿ ಬಂತು. ಬಸ್ಸಿನಲ್ಲಿ ಗೆಳೆಯನೊಡನೆ ಸ್ಕಾಟ್ಸ್ ಆಡುತ್ತಿದ್ದವರು ಕಚೇರಿಯಲ್ಲಿ ಸ್ಕಾಟ್ಲೆಂಡಿನ ಇಂಗ್ಲಿಷಿಗೆ ಹೊರಳುತ್ತಾರೆ, ನಡುವೆ ಎಲ್ಲಿ ಬೇಕಾದರೂ ನಿಲ್ಲುತ್ತಾರೆ. ಮನೆಯಲ್ಲಿ ಧಾರವಾಡದ ಮಾತು, ವೇದಿಕೆಯಲ್ಲಿ ಗ್ರಾಂಥಿಕ ಕನ್ನಡ ಆಡುವವರಿಗೆ ಇದು ಹೊಸತಲ್ಲ.

ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ. ಲಂಡನ್ನಿನ ಶಿಷ್ಟ ಉಚ್ಚಾರಣೆಯಲ್ಲಿ ‘ಕಾರ್’, ‘ಫಾರ್ಮ್’ ಪದಗಳ ರಕಾರ ಕೇಳಿಸುವುದಿಲ್ಲ, ಸ್ಕಾಟ್ಲೆಂಡಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ನಮ್ಮವರು ‘ಡೇ’, ‘ಗೋ’ ಎಂದು ದೀರ್ಘವಾಗಿ, ನೇರವಾಗಿ ಉಚ್ಚರಿಸುವ ಏಕಾರ ಓಕಾರಗಳನ್ನು ‘ಡೆಯ್’, ‘ಗೊವ್’ ಎಂದು ತಿದ್ದಲು ನಾವು ಶಿಕ್ಷಕರು ಬಹಳ ಶ್ರಮಪಡುತ್ತೇವೆ. ಸ್ಕಾಟರ ಉಚ್ಚಾರಣೆ ನಮ್ಮದಕ್ಕೇ ಹತ್ತಿರ. ‘ವೇರ್ ಡು ಯು ಸ್ಟೇ’ ಎಂದು ಮನೆಯ ವಿಳಾಸ ಕೇಳುವುದು ನಮ್ಮಲ್ಲಿರುವಂತೆ ಅಲ್ಲೂ ಸಹಜ. ತೊಡಕಾಗುವುದು ಬೇರೆ ಕಡೆ. ಅಲ್ಲಿ ‘ಪುಲ್’ ಮತ್ತು ‘ಪೂಲ್’ ಒಂದೇ ರೀತಿ ಕೇಳಿಸುತ್ತವೆ, ‘ಫುಡ್’ ಮತ್ತು ‘ಗುಡ್’ ಪ್ರಾಸವಾಗುತ್ತವೆ. ಹ್ರಸ್ವ ದೀರ್ಘಗಳ ಭೇದಕ್ಕೆ ಒಗ್ಗಿದ ನಮ್ಮ ಕಿವಿ ಇಲ್ಲಿ ತಡವರಿಸುತ್ತದೆ. ‘ಐ ಡೌಟ್ ಇಟ್ ವಿಲ್ ರೇನ್’ ಎಂದು ಹಿರಿಯರೊಬ್ಬರು ಹೇಳಿದರೆ ಕೊಡೆ ತೆಗೆದುಕೊಂಡು ಹೊರಡಬೇಕು, ಏಕೆಂದರೆ ಮಳೆ ಬರುವಂತಿದೆ ಎಂಬುದೇ ಅವರ ಮಾತಿನ ತಾತ್ಪರ್ಯ. ‘ಮೆಸೇಜಸ್’ ತರಲು ಹೋಗಿದ್ದಾರೆ ಎಂದರೆ ದಿನಸಿ ತರಲು ಹೋಗಿದ್ದಾರೆಂದು ತಿಳಿಯಬೇಕು. ‘ಹೊರತುಪಡಿಸಿ’, ‘ಹೊರಗೆ’ ಎಂಬ ಅರ್ಥದ ‘ಔಟ್‌ವಿತ್’ ಪದವನ್ನು ವಿಶ್ವವಿದ್ಯಾಲಯದ ನಿಯಮಾವಳಿಗಳಲ್ಲೇ ಕಾಣಬಹುದು. ಅದನ್ನು ಅಚ್ಚಿನ ತಪ್ಪೆಂದು ಭಾವಿಸಬಾರದು. ಬಿಬಿಸಿ ರೇಡಿಯೋ ಸ್ಕಾಟ್ಲೆಂಡಿನ ಸುದ್ದಿಯನ್ನೂ ಅಲ್ಲಿ ಕೇಳುಗರು ಕರೆ ಮಾಡಿ ಮಾತಾಡುವ ಕಾರ್ಯಕ್ರಮಗಳನ್ನೂ ಪ್ರತಿದಿನ ತರಗತಿಯಲ್ಲಿ ಕೇಳಿಸಿ. ಸುದ್ದಿ ಓದುವವರ ಇಂಗ್ಲಿಷಿನಿಂದ ಕರೆ ಮಾಡುವವರ ಮಾತಿಗೆ ಕಿವಿ ಹೊರಳುವುದೇ ಅಭ್ಯಾಸ.

ರಾಜಕೀಯದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1999ರಿಂದ ಎಡಿನ್‌ಬರೋದಲ್ಲಿ ಮತ್ತೆ ಸಂಸತ್ತಿದೆ. ಶಿಕ್ಷಣ, ಆರೋಗ್ಯ, ಪೊಲೀಸು ಅದರ ಕೈಯಲ್ಲಿವೆ. ರಕ್ಷಣೆ, ವಿದೇಶಾಂಗ ಮತ್ತು ವೀಸಾ ಲಂಡನ್ನಿನ ಕೈಯಲ್ಲಿವೆ. 2014ರ ಸೆಪ್ಟೆಂಬರ್ 18ರ ಜನಮತದಲ್ಲಿ ಸ್ವಾತಂತ್ರ್ಯ ಬೇಡವೆಂದವರು ಶೇಕಡ 55, ಬೇಕೆಂದವರು ಶೇಕಡ 45. ಎರಡೂ ಪಕ್ಷದವರು ಒಂದೇ ಮನೆಯಲ್ಲಿರುತ್ತಾರಾದ್ದರಿಂದ ಹೊಸಬರು ಅಭಿಪ್ರಾಯ ಹೇಳುವುದಕ್ಕಿಂತ ಕೇಳಿಸಿಕೊಳ್ಳುವುದು ಒಳ್ಳೆಯದು. ಮೂರು ಸ್ಕಾಟಿಷ್ ಬ್ಯಾಂಕುಗಳು ತಮ್ಮದೇ ಪೌಂಡಿನ ನೋಟು ಅಚ್ಚು ಹಾಕುತ್ತವೆ. ಮೌಲ್ಯ ಒಂದೇ ಆದರೂ ಲಂಡನ್ನಿನ ಅಂಗಡಿಯವರು ಅವನ್ನು ಹಿಂದೆಮುಂದೆ ತಿರುಗಿಸಿ ನೋಡುತ್ತಾರೆ. ದಕ್ಷಿಣಕ್ಕೆ ಹೋಗುವ ಮೊದಲು ಬದಲಾಯಿಸಿಕೊಂಡರೆ ತೊಂದರೆಯಿಲ್ಲ.

ಭಾಷೆ, ಚರಿತ್ರೆ, ಊಟ ಎಲ್ಲ ಒಂದೇ ಕಡೆ ಸೇರುವ ಸಂಪ್ರದಾಯವೆಂದರೆ ಜನವರಿ 25ರ ಬರ್ನ್ಸ್ ಸಪ್ಪರ್. ರಾಬರ್ಟ್ ಬರ್ನ್ಸ್ 1759ರಲ್ಲಿ ಆಲೋವೇ ಎಂಬ ಹಳ್ಳಿಯಲ್ಲಿ ಗೇಣಿ ರೈತನ ಮಗನಾಗಿ ಹುಟ್ಟಿ, ಸ್ಕಾಟ್ಸ್ ಭಾಷೆಯಲ್ಲಿ ಹೊಲ, ಪ್ರೇಮ ಮತ್ತು ಸಮಾನತೆಯನ್ನು ಹಾಡಿ, 37ನೆಯ ವಯಸ್ಸಿಗೆ ತೀರಿಕೊಂಡ ಕವಿ. ಅವರು ಸತ್ತ ಐದು ವರ್ಷದ ಮೇಲೆ, 1801ರಲ್ಲಿ, ಗೆಳೆಯರು ಅವರು ಹುಟ್ಟಿದ ಮನೆಯಲ್ಲಿ ಸೇರಿ ಊಟ ಮಾಡಿದ್ದೇ ಈ ಪದ್ಧತಿಯ ಮೂಲ. ಅತಿಥಿಗಳು ಎದ್ದು ನಿಲ್ಲುತ್ತಾರೆ. ಬ್ಯಾಗ್‌ಪೈಪು ನುಡಿಸುವವನ ಹಿಂದೆ ತಟ್ಟೆಯಲ್ಲಿ ಹ್ಯಾಗಿಸ್ ಬರುತ್ತದೆ. ಕುರಿಯ ಹೃದಯ, ಯಕೃತ್ತು, ಶ್ವಾಸಕೋಶಗಳನ್ನು ಓಟ್ಸ್ ಹಿಟ್ಟು, ಈರುಳ್ಳಿ, ಮಸಾಲೆಗಳೊಂದಿಗೆ ಜಠರದ ಚೀಲದಲ್ಲಿ ತುಂಬಿ ಬೇಯಿಸಿದ ತಿನಿಸು ಅದು. ಒಬ್ಬರು ಅದಕ್ಕೆ ಬರ್ನ್ಸ್ ಬರೆದ ಪದ್ಯವನ್ನು ಅಭಿನಯಿಸುತ್ತ ಓದಿ, ಚಾಕುವಿನ ಮಾತು ಬರುವ ಸಾಲಿಗೆ ಸರಿಯಾಗಿ ಚಾಕು ಇಳಿಸುತ್ತಾರೆ. ಒಳಗಿನ ಹಬೆ ಮೇಲೇಳುತ್ತದೆ. ಜೊತೆಗೆ ಅರೆದ ಟರ್ನಿಪ್ ಗೆಡ್ಡೆ ಮತ್ತು ಆಲೂಗಡ್ಡೆ. ಬೇಳೆಕಾಳು, ಓಟ್ಸ್ ಹಾಕಿದ ಸಸ್ಯಾಹಾರಿ ಹ್ಯಾಗಿಸ್ ಈಗ ಎಲ್ಲ ದೊಡ್ಡ ಅಂಗಡಿಗಳಲ್ಲೂ ಸಿಗುತ್ತದೆ. ಮೊದಲೇ ಹೇಳಿಟ್ಟರೆ ಊಟಕ್ಕೆ ಕರೆದವರು ಸಂತೋಷದಿಂದ ಏರ್ಪಾಡು ಮಾಡುತ್ತಾರೆ.

ಹೊರಡುವ ಮೊದಲು ನಿಮ್ಮ ತರಗತಿಯಲ್ಲೇ ಇಂಥದೊಂದು ಸಂಜೆ ನಡೆಸಬೇಕೆಂಬುದು ನನ್ನ ಸಲಹೆ. ಕವಿಯ ಸ್ಮರಣೆಯ ಭಾಷಣ, ಹೆಣ್ಣುಮಕ್ಕಳನ್ನು ಕುರಿತ ಅಭಿನಂದನೆ, ಅದಕ್ಕೆ ಹೆಣ್ಣುಮಕ್ಕಳ ಕಡೆಯಿಂದ ಉತ್ತರ, ಹೀಗೆ ಅಲ್ಲಿ ಮೂರು ಭಾಷಣಗಳಿಗೆ ಸ್ಥಾನವಿದೆ. ತಲಾ ಐದು ನಿಮಿಷದಂತೆ ಮೂವರು ವಿದ್ಯಾರ್ಥಿಗಳು ಸಿದ್ಧರಾಗಲಿ. ಹೆಣ್ಣುಮಕ್ಕಳ ಉತ್ತರ ಹರಿತವಾಗಿರಬೇಕೆಂದು ಸಭೆ ನಿರೀಕ್ಷಿಸುತ್ತದೆ, ಅದನ್ನು ಚುರುಕಾಗಿ ಮಾತಾಡುವ ಹುಡುಗಿಗೆ ಕೊಡಿ. ಕೊನೆಗೆ ಎಲ್ಲರೂ ವೃತ್ತಾಕಾರದಲ್ಲಿ ನಿಂತು ಹಳೆಯ ಗೆಳೆತನವನ್ನು ನೆನೆಯುವ ಬರ್ನ್ಸ್ ಅವರ ‘ಆಲ್ಡ್ ಲ್ಯಾಂಗ್ ಸೈನ್’ ಹಾಡುತ್ತಾರೆ. ಅದರಲ್ಲಿ ‘ಸೈನ್’ ಎಂಬುದನ್ನು ಸಕಾರದಿಂದಲೇ ಉಚ್ಚರಿಸಬೇಕು, ‘ಝೈನ್’ ಎಂದಲ್ಲ. ಮೊದಲಿನಿಂದ ಅಕ್ಕಪಕ್ಕದವರ ಕೈಗಳನ್ನು ಸುಮ್ಮನೆ ಹಿಡಿದುಕೊಂಡಿದ್ದು, ‘ಇಗೋ ಕೈ’ ಎಂದು ಗೆಳೆಯನಿಗೆ ಹೇಳುವ ಕೊನೆಯ ನುಡಿ ಬಂದಾಗ ಮಾತ್ರ ತೋಳುಗಳನ್ನು ಎದೆಯ ಮುಂದೆ ಅಡ್ಡಲಾಗಿ ತಂದು ಮತ್ತೆ ಹಿಡಿಯಬೇಕು.